ಮಾವ ಕೊಟ್ಟ ಚೈನಿಗೆ ಅಯಸ್ಕಾಂತ ಹತ್ತಿದ್ದು

೧೯೮೯ರ ಸೆಪ್ಟೆಂಬರಿನಲ್ಲಿ, ಜವಳಗೇರಾ ಸಮೀಪದ ಒಂದು ಪ್ರಾಥಮಿಕ ಶಾಲೆಯ ವರಾಂಡದಲ್ಲಿ ನಿಂತು, ಕನಕರಾಯ ಮಾಸ್ತರನೆಂಬ ನಾನು ಒಂದು ಭೀಷ್ಮ ಪ್ರತಿಜ್ಞೆ ಮಾಡಿದೆ. ನಾಲ್ಕನೇ ತರಗತಿಯ ‘ಬಲಗಳು’ ಎಂಬ ಪಾಠವನ್ನು ಪುಸ್ತಕ ಬಿಚ್ಚದೆ, ಬೋರ್ಡಿನ ಮೇಲೆ ಒಂದಕ್ಷರ ಬರೆಯದೆ, ಎಲ್ಲವನ್ನೂ ಮಾಡಿ ತೋರಿಸಿಯೇ ಕಲಿಸುತ್ತೇನೆ! ಅದೂ ಇನ್‌ಸ್ಪೆಕ್ಟರ್ ಸಾಹೇಬರ ಎದುರಿಗೆ! ಸುತ್ತಲಿನ ಎಂಟು ಶಾಲೆಗಳ ಮಾಸ್ತರರ ಸಮ್ಮುಖದಲ್ಲಿ!

ಪ್ರತಿ ತಿಂಗಳು ಒಬ್ಬ ಮಾಸ್ತರ ಹೀಗೆ ಎಲ್ಲರ ಮುಂದೆ ಮಾದರಿ ಪಾಠ ಮಾಡಬೇಕೆಂಬುದು ಆಗಿನ ಪದ್ಧತಿ. ಹಿಂದಿನ ತಿಂಗಳು ಪಾಠ ಮಾಡಿದವರು ಹೂವಿನ ಭಾಗಗಳನ್ನು ತೋರಿಸಲು ಒಂದು ದಾಸವಾಳ ತಂದಿದ್ದರು. ಸಾಹೇಬರು ಬರುವುದು ಎರಡು ತಾಸು ತಡವಾಯಿತು. ಹೂವೂ ಬಾಡಿತು, ಮಾಸ್ತರರೂ ಬಾಡಿದರು. ನನ್ನ ವಸ್ತುಗಳೋ ಕಬ್ಬಿಣ, ಉಕ್ಕು, ಕಲ್ಲು! ಇವು ಬಾಡುವುದುಂಟೆ? ನಾನು ಮೀಸೆ ತಿರುವಿಕೊಂಡು ಹೆಡ್ ಮಾಸ್ತರರಾದ ಇಸ್ಮಾಯಿಲ್‌ಸಾಬ್ ಅವರ ಹತ್ತಿರ ಹೋದೆ.

“ಸಾಹೇಬ್ರ, ಸರ್ಕಾರದಿಂದ ಬಂದ ಸೈನ್ಸ್ ಪೆಟಿಗಿ ಐತಲ್ರಿ, ಅದರ ಕೀಲಿ ಕೊಡ್ರಿ.”

“ಪೆಟಿಗಿ ಮುಟ್ಟಂಗಿಲ್ಲ.”

“ಯಾಕ್ರಿ?”

“ತಿಕ್ಕಾಟ ಆದ್ರ ವಸ್ತು ಸವೀತಾವ ಅಂತ ನಿಮ್ಮ ಪಾಠದಾಗ ಐತೋ ಇಲ್ಲೋ? ನೀವ ಹೇಳ್ರಿ. ನನಗ ರಿಟೈರ್ ಆಗಾಕ ಇನ್ನ ಎರಡು ವರ್ಷ ಐತಿ. ಹೊಸಾ ಪೆಟಿಗಿ ಹೊಸಾದು ಇದ್ದಂಗ ಒಪ್ಪಿಸಿ ಹೋಗಾಂವ ನಾ.”

ಅವರ ಮಾತಿಗೆ ನನ್ನ ಪಾಠವೇ ಸಾಕ್ಷಿಯಾಗಿದ್ದರಿಂದ ನಾನು ಎದುರಾಡಲಿಲ್ಲ. ಹಿಂದಿನ ವರ್ಷ ಬಂದ ಆ ಪೆಟ್ಟಿಗೆಯನ್ನು ನಾವು ಯಾರೂ ತೆರೆದು ನೋಡಿರಲಿಲ್ಲ. ಆಯುಧಪೂಜೆಯ ದಿನ ಅದರ ಬೀಗಕ್ಕೆ ಕುಂಕುಮ ಹಚ್ಚಿದ್ದೆವು. ನಮ್ಮ ಶಾಲೆಗೂ ವಿಜ್ಞಾನಕ್ಕೂ ಅಷ್ಟೇ ಸಂಬಂಧ.

ಹೀಗಾಗಿ ಸಾಮಾನುಗಳನ್ನೆಲ್ಲ ಸಿಂಧನೂರಿನ ನನ್ನ ಮನೆಯಲ್ಲೇ ಹೊಂದಿಸಬೇಕಾಯಿತು. ಮೈಕ್‌ಸೆಟ್ಟು ಬಾಡಿಗೆ ಕೊಡುವ ಬುಡ್ಡೇಸಾಬ್ ಒಂದು ಸುಟ್ಟ ಸ್ಪೀಕರಿನ ಅಯಸ್ಕಾಂತ ಕೊಟ್ಟ. ಅಂಗೈ ಅಗಲದ, ಕರ್ರಗಿನ, ಗುಂಡನೆಯ ರಾಕ್ಷಸ! ಮನೆಗೆ ತಂದು ಇಟ್ಟ ಮರುಕ್ಷಣ ನನ್ನ ಹೆಂಡತಿ ಕಸ್ತೂರೆಮ್ಮನ ಸೂಜಿ, ಪಿನ್ನು, ಅಡುಗೆಮನೆಯ ಚಾಕು ಎಲ್ಲವನ್ನೂ ತನ್ನ ಮೈಮೇಲೆ ಹೇರಿಕೊಂಡು ಕುಳಿತಿತು. ಸ್ಪ್ರಿಂಗಿಗಾಗಿ ನನ್ನ ಸೈಕಲ್ಲಿನ ಸೀಟನ್ನೇ ಬಿಚ್ಚಿದೆ.

“ಸೀಟಿನ ಸ್ಪ್ರಿಂಗ್ ತಗದ್ರ ಕುಂದ್ರೋದು ಯಾವುದರ ಮ್ಯಾಲ?” ಎಂದಳು ಕಸ್ತೂರಿ.

“ವಿಜ್ಞಾನದ ಮ್ಯಾಲ!”

“ಹಂಗಾದ್ರ ನೋಡ್ಕೊಂಡು ಕುಂದರ್ರಿ. ಅದರ ಮೊಳಿ ಮ್ಯಾಲಕ್ಕ ಎದ್ದೈತಿ.”

ಇನ್ನುಳಿದದ್ದು ಘರ್ಷಣ ಬಲ. ಒರಟು ನೆಲದಲ್ಲಿ ಘರ್ಷಣೆ ಹೆಚ್ಚು, ನುಣುಪು ನೆಲದಲ್ಲಿ ಕಡಿಮೆ. ಎಷ್ಟು ಕಡಿಮೆ ಎಂದು ತಿಳಿಯಲು ಬಾಗಿಲ ಮುಂದಿನ ಪರಸಿಗಲ್ಲಿಗೆ ಔಡಲೆಣ್ಣೆ ಸವರಿ, ಅದರ ಮೇಲೆ ಒಂದು ಇಟ್ಟಿಗೆ ಎಳೆಯಬೇಕೆಂದು ದಾರ ತರಲು ಒಳಗೆ ಹೊರಟೆ. ಎಣ್ಣೆ ಸವರಿದ ಕಲ್ಲಿನ ಮೇಲೆಯೇ ಕಾಲಿಟ್ಟು ಹೊರಟೆ! ಘರ್ಷಣೆ ಇಲ್ಲವಾದರೆ ಒಬ್ಬ ಮಾಸ್ತರ ಎಷ್ಟು ದೂರ ಜಾರಬಲ್ಲ ಎಂಬುದನ್ನು ಇಡೀ ಓಣಿ ನೋಡಿತು. ಒಂದೂವರೆ ಗಜ! ಎದ್ದವನೇ ಟಿಪ್ಪಣಿ ಪುಸ್ತಕದಲ್ಲಿ ‘ಪ್ರಯೋಗ ಯಶಸ್ವಿ’ ಎಂದು ಬರೆದುಕೊಂಡೆ.

ಪಾಠದ ದಿನ ಬೆಳಿಗ್ಗೆ ಕಸ್ತೂರಿ ಟ್ರಂಕು ತೆರೆದು ಚೈನು ತಂದಳು. ಒಂಬತ್ತು ವರ್ಷದ ಹಿಂದೆ ಮದುವೆಯಲ್ಲಿ ಅವಳ ಅಪ್ಪ ಯಂಕೋಬ ನನ್ನ ಕೊರಳಿಗೆ ಹಾಕಿದ ಬಂಗಾರದ ಚೈನು ಅದು. “ದೊಡ್ಡ ದೊಡ್ಡ ಮಂದಿ ಬರ್ತಾರ, ಹಾಕ್ಕೊಂಡು ಹೋಗ್ರಿ” ಎಂದಳು. ಹಾಕಿಕೊಂಡೆ. ಆದರೆ ಹಾಕಿಕೊಳ್ಳುವಾಗಲೂ ಬಾಯಿ ಸುಮ್ಮನಿರಲಿಲ್ಲ.

“ನಿಮ್ಮಪ್ಪನ ಚೈನು ಮಂಕಾಗೈತಿ ನೋಡು. ನಮ್ಮವ್ವ ನಿನಗ ಹಾಕಿದ ಪಾಟ್ಲಿ ನೋಡು, ಹೆಂಗ ಹೊಳೀತಾವ! ವರ್ಷಾ ವರ್ಷಾ ನಾಗರಪಂಚಮಿಗೆ ನೀ ತವರಿಗೆ ಹೋಗಿ ಬಂದ್ರ ಇನ್ನಷ್ಟು ಹೊಳೀತಾವ. ಅಸಲು ಬಂಗಾರ ಅಂದ್ರ ಹಂಗ!”

ಕಸ್ತೂರಿ ತನ್ನ ಕೈಯ ಪಾಟ್ಲಿ ಬಳೆಗಳನ್ನು ಸೆರಗಿನಿಂದ ಮುಚ್ಚಿಕೊಂಡು, “ಬಸ್ಸಿಗೆ ಹೊತ್ತಾತು ಹೋಗ್ರಿ” ಎಂದಳು. ತೀರಿಕೊಂಡ ಅತ್ತೆಯ ನೆನಪಾಗಿ ಅವಳಿಗೆ ದುಃಖ ಬಂದಿರಬೇಕು ಎಂದುಕೊಂಡೆ.

ಪಾಠ ಅಮೋಘವಾಗಿ ಶುರುವಾಯಿತು. ಸ್ಪ್ರಿಂಗ್ ಎಳೆದೆ, ಬಿಟ್ಟೆ. ಅದು ತನ್ನ ಆಕಾರಕ್ಕೆ ಮರಳಿತು. ಮರಳು ಹಾಕಿದ ಹಲಗೆಯ ಮೇಲೆ, ಎಣ್ಣೆ ಸವರಿದ ಹಲಗೆಯ ಮೇಲೆ ಇಟ್ಟಿಗೆ ಎಳೆಸಿದೆ. ಮಕ್ಕಳು ಕುಣಿದರು. ಇನ್‌ಸ್ಪೆಕ್ಟರ್ ಸಾಹೇಬರು ಎರಡು ಸಲ ತಲೆ ಆಡಿಸಿದರು. ಇಸ್ಮಾಯಿಲ್‌ಸಾಬ್ ಅವರಂತೂ ಪೆಟ್ಟಿಗೆ ಮುಟ್ಟದೆಯೇ ಪಾಠ ಆಯಿತಲ್ಲ ಎಂಬ ಸಂತೋಷಕ್ಕೆ ಕಣ್ಣು ಮುಚ್ಚಿಕೊಂಡಿದ್ದರು. ಕೊನೆಗೆ ಅಯಸ್ಕಾಂತವನ್ನು ಮೇಜಿನ ಮೇಲಿಟ್ಟೆ. ಮೊಳೆ ಹಾರಿ ಬಂದು ಹತ್ತಿತು. ತಾಮ್ರದ ಚರಿಗೆ ಹತ್ತಲಿಲ್ಲ. ಹಿತ್ತಾಳೆಯ ಗಂಟೆ ಹತ್ತಲಿಲ್ಲ. ಆಗ ಮುಂದಿನ ಸಾಲಿನ ಅಮರಮ್ಮ ಎಂಬ ಹುಡುಗಿ ಎದ್ದು ನಿಂತಳು.

“ಸರ್, ಬಂಗಾರಕ್ಕ ಹತ್ತತೈತೇನ್ರಿ?”

“ಎಂದಿಗೂ ಇಲ್ಲ!” ನಾನು ಗುಡುಗಿದೆ. “ಯಾವನಾದರೂ ಬಂಗಾರ ಅಂತ ಕೊಟ್ಟದ್ದಕ್ಕೆ ಅಯಸ್ಕಾಂತ ಹತ್ತಿತೋ, ಅದು ಬಂಗಾರ ಅಲ್ಲ ಮಕ್ಕಳೇ, ಕಬ್ಬಿಣ! ಕೊಟ್ಟವನು ಮೋಸಗಾರ!”

ಇಷ್ಟು ಹೇಳಿ, ಹಿಂದಿನ ಸಾಲಿನವರಿಗೂ ಕಾಣಲೆಂದು ಅಯಸ್ಕಾಂತವನ್ನು ಎತ್ತಲು ಮೇಜಿನ ಮೇಲೆ ಬಾಗಿದೆ. ಅಂಗಿಯೊಳಗಿನ ಚೈನು ಹೊರಗೆ ಜೋತಾಡಿತು. ಅದರ ಕೊಂಡಿ ಯಾವಾಗಲೋ ಕುತ್ತಿಗೆಯ ಹಿಂದಿನಿಂದ ಸರಿದು ಮುಂದಕ್ಕೆ ಬಂದಿತ್ತು. ಅದು ಒಮ್ಮೆ ತೂಗಿ, ಎರಡು ಸಲ ತೂಗಿ, ಮೂರನೆಯ ಸಲ ಟಕ್ಕನೆ ಅಯಸ್ಕಾಂತಕ್ಕೆ ಹತ್ತಿಕೊಂಡಿತು!

ನಾನು ತಲೆ ಎತ್ತಲು ನೋಡಿದೆ. ಕೈಯಲ್ಲಿ ಹಿಡಿದ ಅಯಸ್ಕಾಂತವೂ ಜೊತೆಗೇ ಎದ್ದಿತು.

“ಹತ್ತಿತು! ಹತ್ತಿತು!” ಎಂದು ನಲವತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಅಮರಮ್ಮ ಮಾತ್ರ ಗಂಭೀರವಾಗಿ ಕೇಳಿದಳು. “ಸರ್, ಹಂಗಾದ್ರ ನಿಮ್ಮ ಚೈನು ಕಬ್ಬಿಣದ್ದೇನ್ರಿ?”

“ಮದುವ್ಯಾಗ ನಮ್ಮ ಮಾವ ಹಾಕಿದ್ದಿದು!” ಎಂದುಬಿಟ್ಟೆ. ಎಂಟು ಶಾಲೆಗಳ ಮಾಸ್ತರರು ಕಿಟಕಿಯಾಚೆ ನೋಡತೊಡಗಿದರು. ಅವರ ಹೆಗಲುಗಳು ಅಲುಗುತ್ತಿದ್ದವು. ಇನ್‌ಸ್ಪೆಕ್ಟರ್ ಸಾಹೇಬರು ಎದ್ದು, ನನ್ನ ಬೆನ್ನು ತಟ್ಟಿ, “ಪಾಠ ಭಾರಿ ಆತು ಮಾಸ್ತರ. ಮಕ್ಕಳು ಜನ್ಮದಾಗ ಮರಿಯಂಗಿಲ್ಲ. ನಿಮ್ಮ ಮಾವಗ ಒಂದು ಪತ್ರ ಬರೀರಿ” ಎಂದು ನಗುತ್ತ ಹೋದರು.

ಅವರು ಅದನ್ನು ತಮಾಷೆಗೆ ಹೇಳಿದ್ದರು. ನಾನು ಮೇಲಧಿಕಾರಿಗಳ ಆದೇಶವೆಂದು ತಿಳಿದೆ. ಸಂಜೆ ಸಿಂಧನೂರಿನಲ್ಲಿ ಇಳಿದವನೇ, ಮೈಯೆಲ್ಲ ಬೆಂಕಿಯಾಗಿ, ಒಂದು ಪೋಸ್ಟ್ ಕಾರ್ಡಿನ ಮೇಲೆ ನನ್ನ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದೆ: ‘ಮಾನ್ಯರೇ, ವಿಷಯ: ಚೈನಿನ ಬಗ್ಗೆ. ತಾವು ಮದುವೆಯಲ್ಲಿ ಕೊಟ್ಟ ಸದರಿ ಚೈನಿಗೆ ದಿನಾಂಕ ೧೪ರಂದು ಸಾಹೇಬರ ಸಮಕ್ಷಮ ಅಯಸ್ಕಾಂತ ಹತ್ತಿರುತ್ತದೆ. ಆದ್ದರಿಂದ ಅದು ಕಬ್ಬಿಣವೆಂದು ಸಿದ್ಧವಾಗಿರುತ್ತದೆ. ಮುಂದಿನ ರವಿವಾರ, ಸದರಿ ಚೈನು ಮಾಡಿದ ಅಕ್ಕಸಾಲಿಗನಾದ ಲಿಂಗಸುಗೂರಿನ ಮೋನಪ್ಪ ಪತ್ತಾರನ ಅಂಗಡಿಗೆ ಹಾಜರಾಗಿ ಸಮಜಾಯಿಷಿ ಕೊಡತಕ್ಕದ್ದು.’ ಅಂಚೆ ಡಬ್ಬಿಗೆ ಹಾಕಿದ ಮೇಲೆ ಒಂದು ತೃಪ್ತಿಯೂ ಆಯಿತು.

ಮನೆಗೆ ಬಂದು ಚೈನನ್ನು ಕಟ್ಟೆಯ ಮೇಲೆ ಎಸೆದೆ.

“ನಿಮ್ಮಪ್ಪ ನನ್ನ ಕೊರಳಾಗ ಕಬ್ಬಿಣದ ಸರಪಳಿ ಹಾಕ್ಯಾನ! ಒಂಬತ್ತು ವರ್ಷ ನಾ ಸರಪಳಿ ಕಟಗೊಂಡು ಅಡ್ಡಾಡೀನಿ!”

ಕಸ್ತೂರಿ ಮೊದಲು ನಕ್ಕಳು. ಆಮೇಲೆ ಅಯಸ್ಕಾಂತವನ್ನು ತಾನೇ ತಂದು ಹಿಡಿದು ನೋಡಿದಳು. ಕೊಂಡಿ ಟಕ್ಕನೆ ಹತ್ತಿತು. ಅವಳು ಅದನ್ನು ಕಿತ್ತು ಇನ್ನೊಮ್ಮೆ ಹಿಡಿದಳು, ಮತ್ತೆ ಹತ್ತಿತು.

“ನಮ್ಮಪ್ಪ ಅಂಥಾಂವ ಅಲ್ಲ.”

“ಪ್ರಯೋಗ ಸುಳ್ಳು ಹೇಳತೈತೇನು? ಬಾ ಇಲ್ಲೆ, ಕೈ ಚಾಚು.” ಅವಳ ಪಾಟ್ಲಿಗಳಿಗೆ ಅಯಸ್ಕಾಂತ ಹಿಡಿದೆ. ಹತ್ತಲಿಲ್ಲ! ಇನ್ನೊಮ್ಮೆ ಹಿಡಿದೆ. ಅಲುಗಲಿಲ್ಲ! “ನೋಡಿದ್ಯಾ? ನಮ್ಮವ್ವನ ಬಂಗಾರ! ಕೂಲಿ ಮಾಡಿದ ನಮ್ಮವ್ವ ಮುದುಕಮ್ಮನ ಕೈ ಚೊಕ್ಕ. ಎರಡು ಎತ್ತು ಕಟ್ಟಿದ ನಿಮ್ಮಪ್ಪನ ಕೈ ಹೊಲಸು!”

ಅವಳು ಪಾಟ್ಲಿಗಳನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಎದ್ದು ನಿಂತು ಹೇಳಿದಳು.

“ಒರಿಗಲ್ಲಿಗೆ ಹಚ್ಚಿಸೂಣು. ಅದು ಕಬ್ಬಿಣ ಆದ್ರ ನಾ ಇನ್ನ ತವರಮನಿ ಹೊಸ್ತಿಲ ತುಳಿಯಂಗಿಲ್ಲ. ಬಂಗಾರ ಆದ್ರ ನೀವು ನಮ್ಮಪ್ಪನ ಮುಂದ ಕೈ ಮುಗದು ತಪ್ಪಾತು ಅನ್ನಬೇಕು. ಆತೇನು?”

“ಆತು! ಪಾಟ್ಲೀನೂ ಒಯ್ಯೂಣು. ಎರಡಕ್ಕೂ ಒರಿ ಹಚ್ಚಲಿ.”

“ಪಾಟ್ಲಿ ಯಾಕ? ಚೈನು ಒಂದ ಸಾಕು.”

“ಯಾಕ, ಅಂಜಿಕಿ ಆಕೈತೇನು?”

“ನನಗೇನ್ರಿ ಅಂಜಿಕಿ?” ಎಂದು ಅವಳು ಒಲೆಯ ಕಡೆ ತಿರುಗಿದಳು. ಆ ವಾರವೆಲ್ಲ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಬಿಟ್ಟರೆ ಬೇರೆ ಮಾತಿರಲಿಲ್ಲ.

ರವಿವಾರ ಬಸ್ಸು ಹತ್ತಿದೆವು. ನನ್ನ ಕೈಚೀಲದಲ್ಲಿ ಅಯಸ್ಕಾಂತ, ಅವಳ ಮಡಿಲಲ್ಲಿ ಚೈನು. ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಕಿಟಕಿಯ ಕೆಳಗೆ ಗುರುತಿನ ಮಾಸ್ತರರೊಬ್ಬರು ಬಂದು, “ಏನ್ರಿ ಕನಕರಾಯ, ಸರಪಳಿ ಕಳಚಿಕೊಳ್ಳಾಕ ಹೊಂಟೀರೇನು?” ಎಂದರು. ಸುದ್ದಿ ನಮಗಿಂತ ಮುಂಚಿನ ಬಸ್ಸು ಹಿಡಿದಿತ್ತು! ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿದುಕೊಂಡೆ. ಅದು ತಲೆಕೆಳಗಾಗಿದೆ ಎಂದು ಕಸ್ತೂರಿ ಹೇಳುವವರೆಗೂ ಹಾಗೆಯೇ ಓದುತ್ತಿದ್ದೆ.

ಲಿಂಗಸುಗೂರಿನ ಅಂಗಡಿಯ ಮುಂದೆ ನೋಡಿದರೆ ಜನವೋ ಜನ! ಆದದ್ದು ಇಷ್ಟು. ಗುರುಗುಂಟಾದ ನನ್ನ ಮಾವನಿಗೆ ಓದು ಬರುವುದಿಲ್ಲ. ಅಂಚೆಯವನು ನನ್ನ ಕಾರ್ಡನ್ನು ಚಹಾದಂಗಡಿಯಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳಿದ್ದಾನೆ. ಮಾಸ್ತರನ ಅಕ್ಷರ, ಒಂದೂ ತಪ್ಪಿಲ್ಲದೆ ಓದಿದ್ದಾನೆ! ಆ ಊರಿನವರೆಲ್ಲ ಒಡವೆ ಮಾಡಿಸುವುದು ಇದೇ ಮೋನಪ್ಪ ಪತ್ತಾರನ ಹತ್ತಿರ. ಹೀಗಾಗಿ ಮಾವನ ಹಿಂದೆ ಹತ್ತು ಮಂದಿ ತಮ್ಮ ತಮ್ಮ ಬೆಂಡೋಲೆ, ಮೂಗುತಿ, ಗುಂಡಿನ ಸರ ಕಟ್ಟಿಕೊಂಡು ಬಂದು ಕುಳಿತಿದ್ದರು. ಅವರೆಲ್ಲ ನನ್ನ ಕೈಚೀಲವನ್ನೇ ನೋಡುತ್ತಿದ್ದರು.

ಮಾವ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದರು. “ಬರ್ರಿ ಮಾಸ್ತರ” ಎಂದರು, ಅಷ್ಟೇ. ಅವರ ದನಿಯಲ್ಲಿ ಸಿಟ್ಟಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಇರಲಿಲ್ಲ.

ಪತ್ತಾರ ಮೋನಪ್ಪ ಒರೆಗಲ್ಲು ತೆಗೆದ. ಚೈನನ್ನು ಅದರ ಮೇಲೆ ತಿಕ್ಕಿ ಒಂದು ಗೆರೆ ಎಳೆದ. ಅದರ ಮೇಲೆ ಆಸಿಡ್ಡಿನ ಹನಿ ಬಿಟ್ಟ. ಹದಿಮೂರು ಮಂದಿ ಉಸಿರು ಹಿಡಿದು ಬಾಗಿದೆವು. ಗೆರೆ ಹೋಗಲಿಲ್ಲ. ಹಳದಿ ಹಳದಿಯಾಗಿಯೇ ಉಳಿಯಿತು.

“ಚೊಕ್ಕ ಬಂಗಾರ” ಎಂದ ಮೋನಪ್ಪ.

“ಹಂಗಾದ್ರ ಇದು?” ಎಂದು ನಾನು ಚೀಲದಿಂದ ಅಯಸ್ಕಾಂತ ತೆಗೆದು ಹಿಡಿದೆ. ಕೊಂಡಿ ಟಕ್ಕನೆ ಹಾರಿ ಹತ್ತಿತು. ಹತ್ತು ಮಂದಿ “ಅಯ್ಯಯ್ಯೋ!” ಎಂದರು.

ಮೋನಪ್ಪ ಗಾಬರಿಯಾಗಲಿಲ್ಲ. ಚಿಮಟಿಗೆಯಿಂದ ಆ ಕೊಂಡಿಯನ್ನು ಬಿಡಿಸಿದ. ಒಳಗಿನಿಂದ ಕೂದಲೆಳೆಯಷ್ಟು ಸಣ್ಣದೊಂದು ಸ್ಪ್ರಿಂಗ್ ಹೊರಬಂದು, ಚಂಗನೆ ನೆಗೆದು, ಅಯಸ್ಕಾಂತದ ಮೇಲೆ ಕುಳಿತುಕೊಂಡಿತು. ಮತ್ತೆ ಚೈನು ಹಿಡಿದರೆ ಅದು ಸುಮ್ಮನೆ ಜೋತಾಡಿತು. ಅಯಸ್ಕಾಂತ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಮಾಸ್ತರ, ಸ್ಪ್ರಿಂಗ್ ಅಂದ್ರ ಏನಂತ ಮಕ್ಕಳಿಗೆ ಹೇಳಿದ್ರಿ?”

“ಎಳೆದು ಬಿಟ್ಟರೆ ಮತ್ತೆ ಮೊದಲಿನ ಆಕಾರಕ್ಕೆ ಬರುವ ವಸ್ತು” ಎಂದೆ, ಪಾಠ ಒಪ್ಪಿಸುವ ಹುಡುಗನಂತೆ.

“ಬಂಗಾರ ಎಳದು ಬಿಟ್ರ ಬರತೈತೇನ್ರಿ? ಅದು ಎಳದಂಗ ಹೊಕ್ಕೈತಿ. ಅದಕ್ಕ ಬಾಯಿ ತಗದು ಮುಚ್ಚೋ ಕೊಂಡ್ಯಾಗ ಉಕ್ಕಿನ ಸ್ಪ್ರಿಂಗ್ ಇಟ್ಟಿರ್ತಾರ. ಇದು ಬೊಂಬಾಯಿ ಕೊಂಡಿ. ಅಳಿಯ ಮಾಸ್ತರ ಅದಾನ, ಚಲೋದು ಹಾಕು ಅಂತ ಯಂಕೋಬಣ್ಣ ಹೇಳಿ ತರಿಸಿದ್ದ.”

ಅಯಸ್ಕಾಂತದ ಬಲ, ಸ್ಪ್ರಿಂಗಿನ ಬಲ, ಒರೆಗಲ್ಲಿನ ಮೇಲೆ ಘರ್ಷಣೆಯ ಬಲ! ನಾನು ಒಂದು ವಾರ ಸೈಕಲ್ ಬಿಚ್ಚಿ, ಸೊಂಟ ಉಳುಕಿಸಿಕೊಂಡು ಮಾಡಿದ ಪಾಠವನ್ನು ಈ ಮನುಷ್ಯ ಒಂದು ಚಾಪೆಯ ಮೇಲೆ ಕುಳಿತು ಮುಗಿಸಿದ್ದ. ಹತ್ತು ಮಂದಿ ನನ್ನನ್ನು ನೋಡಿದರು. ಈಗ ಕೈ ಮುಗಿದುಬಿಟ್ಟಿದ್ದರೆ ಎಲ್ಲ ಚೆನ್ನಾಗಿಯೇ ಮುಗಿಯುತ್ತಿತ್ತು. ಆದರೆ ಮಾಸ್ತರನ ಮಾನದ ಪ್ರಶ್ನೆ! ಅರ್ಧ ಮಾನವಾದರೂ ಉಳಿಯಲೆಂದು ಕಸ್ತೂರಿಯ ಕೈ ಹಿಡಿದು ಮುಂದೆ ಚಾಚಿದೆ.

“ಆತು, ಒಪ್ಪಿದೆ. ಹಂಗ ನಮ್ಮವ್ವನ ಪಾಟ್ಲಿಗೂ ಒರಿ ಹಚ್ರಿ. ನಮ್ಮ ಕಡೆ ಬಂಗಾರ ಎಂಥಾದ್ದು ಅಂತ ಎಲ್ಲಾರೂ ನೋಡಲಿ!”

ಮೋನಪ್ಪನ ಕೈ ಒರೆಗಲ್ಲಿನ ಮೇಲೆ ನಿಂತುಬಿಟ್ಟಿತು. ಅವನು ಮಾವನ ಮುಖ ನೋಡಿದ.

“ಇವಕ್ಕ ಬ್ಯಾಡ ಬಿಡ್ರಿ ಮಾಸ್ತರ.”

“ಯಾಕ ಬ್ಯಾಡ? ಹಚ್ರಿ!”

ಮಾವ ನಿಧಾನವಾಗಿ ಎದ್ದರು. ತಮ್ಮ ಜೊತೆ ಬಂದ ಹತ್ತೂ ಮಂದಿಗೆ, “ಚೈನಿನ ಮಾತು ಮುಗೀತು. ಎದುರಿನ ಹೋಟೆಲಿನಾಗ ಚಾ ಕುಡೀರಿ ಹೋಗ್ರಿ, ನಾ ಬರ್ತೀನಿ” ಎಂದರು. ಅವರೆಲ್ಲ ಎದ್ದು ಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದು, ಕೊನೆಯವನು ರಸ್ತೆ ದಾಟಿದ ಮೇಲೆ ಬಾಗಿಲನ್ನು ಮುಂದೆ ಮಾಡಿಕೊಂಡು ಬಂದು ಕುಳಿತರು.

“ಮಾಸ್ತರ, ಅವು ಹಿತ್ತಾಳಿ.”

ನಾನು ನಕ್ಕೆ. ನಗು ಅರ್ಧಕ್ಕೇ ನಿಂತಿತು. ತರಗತಿಯ ಹಿತ್ತಾಳೆ ಗಂಟೆಗೂ ಅಯಸ್ಕಾಂತ ಹತ್ತಿರಲಿಲ್ಲ ಎಂಬುದು ಆಗ ಹೊಳೆಯಿತು. ಹತ್ತಿದರೆ ಬಂಗಾರವಲ್ಲ ಎಂದು ಕಲಿಸಿದ್ದೆ. ಹತ್ತದಿದ್ದರೆ ಬಂಗಾರವೇ ಎಂದು ಯಾರು ಹೇಳಿದ್ದರು?

“ಮದುವಿ ಮುಂಚೇನ ನಿಮ್ಮವ್ವ ನಮ್ಮ ಮನಿಗೆ ಬಂದಿದ್ಲು” ಎಂದರು ಮಾವ. “ಯಣ್ಣಾ, ಅಸಲು ಪಾಟ್ಲಿ ಮಾರಿ ಮಗನ್ನ ಮಾಸ್ತರಿಕಿ ಕಲ್ಸೀನಿ, ಮಂದಿ ಮುಂದ ಬರಿಗೈಲೆ ಬರಾಕ ನಾಚಿಕಿ ಬರತೈತಿ, ಹಿತ್ತಾಳಿಗೆ ಬಂಗಾರದ ನೀರು ಹಾಕಿಸಿ ತರ್ತೀನಿ, ಮಗನಿಗೆ ಹೇಳಬ್ಯಾಡ ಅಂದ್ಲು. ನಾ ಹೂಂ ಅಂದೆ. ನೀರು ಹೋಗಿ ಹಿತ್ತಾಳಿ ಕಂಡ್ರ ನೀವು ನೊಂದ್ಕೊಂತೀರಿ ಅಂತ, ವರ್ಷಾ ಪಂಚಮಿಗೆ ಕಸ್ತೂರಿ ಬಂದಾಗ ಇಲ್ಲೇ ಮೋನಪ್ಪನ ಕಡೆ ಮತ್ತ ನೀರು ಹಾಕಿಸಿ ಕಳಸ್ತೀನಿ.”

ನಾನು ಕಸ್ತೂರಿಯನ್ನು ನೋಡಿದೆ. ಒಂಬತ್ತು ವರ್ಷ! ಒಂಬತ್ತು ವರ್ಷ ನಾನು ಆ ಪಾಟ್ಲಿಗಳನ್ನು ತೋರಿಸಿ ಅವಳ ಅಪ್ಪನನ್ನು ಆಡಿಕೊಂಡಿದ್ದೆ. ಅವಳು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಕೈ ಹೊಲಸು ಎಂದಾಗಲೂ ಬಿಟ್ಟಿರಲಿಲ್ಲ. ನಾನಾದರೋ ಒಂದು ಟಕ್ ಎಂಬ ಸಪ್ಪಳಕ್ಕೆ ಇಡೀ ಗುರುಗುಂಟಾಕ್ಕೆ ಕೇಳುವಂತೆ ಕಾರ್ಡು ಬರೆದಿದ್ದೆ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಎದ್ದು ನಿಂತು ಎರಡೂ ಕೈ ಜೋಡಿಸಿದೆ.

“ತಪ್ಪಾತ್ರಿ ಮಾವಾರ. ನಮ್ಮವ್ವನ ಬಂಗಾರನೂ ಹೋತು, ನನ್ನ ಮಾನನೂ ಹೋತು.”

“ಹಂಗ್ಯಾಕ ಅಂತೀರಿ?” ಎಂದು ಮಾವ ನನ್ನ ಕೈ ಹಿಡಿದು ಕೂರಿಸಿದರು. “ನಿಮ್ಮವ್ವನ ಬಂಗಾರ ಎಲ್ಲೂ ಹೋಗಿಲ್ಲ. ಎಲ್ಲಾ ನಿಮ್ಮ ತಲ್ಯಾಗ ವಿದ್ಯೆ ಆಗಿ ಕುಂತೈತಿ.”

ಎಷ್ಟು ದೊಡ್ಡ ಮಾತು! ನನ್ನ ಕಣ್ಣು ತುಂಬಿ ಬಂತು. ಕಸ್ತೂರಿ ಕೈಯಿಂದ ಪಾಟ್ಲಿಗಳನ್ನು ಬಿಚ್ಚಿ ಪತ್ತಾರನ ಮುಂದಿಟ್ಟಳು. ಆಮೇಲೆ ನನ್ನ ತಲೆಯನ್ನು ಆ ಕಡೆಯಿಂದ ಈ ಕಡೆಯವರೆಗೆ ಒಮ್ಮೆ ನೋಡಿದಳು.

“ಮೋನಪ್ಪಣ್ಣ, ಪಾಟ್ಲಿಗೆ ಹೆಂಗೂ ನೀರು ಹಾಕ್ತಿ. ಹಂಗ ಇವರ ತಲೀಗೂ ಒಂದೀಟು ಹಾಕಿಬಿಡು. ಅಲ್ಲೀದೂ ಪೂರಾ ಹೋಗೈತಿ.”